ಅರವತ್ತೊಂದನೇ ನಂಬರು

ಓಟದಲ್ಲಿ ಮೊದಲು ಬಂದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದಕ್ಕೆ ಜನ ತಾ ಮುಂದು ನಾ ಮುಂದು ಎಂದು ಬರುತ್ತಾರೆ. ಕೊನೆಗೆ ಬಂದವರನ್ನು ನೋಡುವುದಕ್ಕೆ ಅಲ್ಲಿ ಒಬ್ಬ ನರಪಿಳ್ಳೆಯೂ ಉಳಿದಿರುವುದಿಲ್ಲ. ಬಾಲದಕ್ಕ ಹನ್ನೆರಡು ವರ್ಷ ಒಂದೂ ತಪ್ಪದೆ ಕೊನೆಗೇ ಬಂದಳು. ಬೇಕೆಂದೇ ಬಂದಳು, ಏಕೆಂದರೆ ಅದು ಅವಳ ಪಾಲಿನ ಕೆಲಸ. ಓಟದ ಬಾಲ ಅವಳು. ಹಾಗಾಗಿ ಊರಿನಲ್ಲಿ ಚಿಕ್ಕವರಿಗೂ ಬಾಲದಕ್ಕ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಬಾಲದಕ್ಕ.

ಹೊಟ್ಟೆಪಾಡಿಗೆ ಅವಳು ಮಾಡುತ್ತಿದ್ದದ್ದು ಹೊಲಿಗೆ. ಮೆಟ್ಟಿಲು ಬೀದಿಯ ನಡುಮಧ್ಯೆ, ಎರಡು ಯಂತ್ರ ಇಟ್ಟರೆ ಮೂರನೆಯವರು ಉಸಿರು ಬಿಗಿಹಿಡಿದು ಒಳಗೆ ಬರಬೇಕಾದಷ್ಟು ಸಣ್ಣ ಅಂಗಡಿ. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಮೈ ಬೆಳೆದವರ ಪ್ಯಾಂಟು ಸಡಿಲ ಮಾಡಿಕೊಡುವುದು, ಇಷ್ಟೇ. ಗಂಡ ಲಾರಿ ಓಡಿಸುವವನು, ತಿಂಗಳಿಗೆ ಆರು ದಿನ ಮನೆಯಲ್ಲಿದ್ದರೆ ಹೆಚ್ಚು. ಮಕ್ಕಳಿಲ್ಲ. ಉಳಿದ ಬಟ್ಟೆಯ ತುಂಡುಗಳಲ್ಲಿ ಕೆಂಪು ಬಣ್ಣದ್ದನ್ನೆಲ್ಲ ಅವಳು ಒಂದು ಚೀಲದಲ್ಲಿ ತೆಗೆದಿಡುತ್ತಿದ್ದಳು. ಓಟಕ್ಕೆ ತಿಂಗಳಿರುವಾಗ ಆ ಚೀಲ ಬಿಚ್ಚಿ ಬಾವುಟ ಹೊಲಿಯಲು ಕೂತರೆ, ಗಿರಾಕಿಗಳು ಎಷ್ಟು ಗೋಗರೆದರೂ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ.

ಓಟ ಇಪ್ಪತ್ನಾಲ್ಕು ಕಿಲೋಮೀಟರಿನದು. ಹೊಳೆ ದಂಡೆಯ ಹಳೇ ಸುಂಕದ ಮನೆಯಿಂದ ಹೊರಟು, ಹೇಸರಗತ್ತೆಗಳು ಸವೆಸಿದ ಕಲ್ಲುದಾರಿ ಹಿಡಿದು ಕೋಟೆ ಬಾಗಿಲಿಗೆ ಏರಬೇಕು. ಅಲ್ಲಿಂದ ಕೋಟೆ ಗೋಡೆಯ ಪಕ್ಕದಲ್ಲೇ ಸಾಗಿ, ಬೆಟ್ಟದ ಬೆನ್ನಿನ ಮೇಲೆ ಓಡಿ, ಕಾವಲು ಗೋಪುರ. ಗೋಪುರ ದಾಟಿದ ಮೇಲೆ ಇಳಿಜಾರು. ಹಿಂದಿನ ಕಾಲದವರು ಊರಿಗೆ ನೀರು ತರಲು ಕಟ್ಟಿದ ಕಮಾನುಗಳ ಸಾಲು, ಗೂನು ಸೇತುವೆ, ಹಾಳುಬಿದ್ದ ಹಿಟ್ಟಿನ ಗಿರಣಿ, ಮತ್ತೆ ಸುಂಕದ ಮನೆ. ಓದಿದವರು ಈ ಕಲ್ಲುಗಳಿಗೆಲ್ಲ ಇತಿಹಾಸ ಹೇಳುತ್ತಾರೆ. ಓಡುವವರಿಗೆ ಅವು ಬೇರೆಯೇ. ಕೋಟೆ ಬಾಗಿಲು ಎಂದರೆ ತೊಡೆ ಉರಿಯುವ ಜಾಗ. ಗೋಪುರ ಎಂದರೆ ಗಾಳಿ ಕೆನ್ನೆಗೆ ಹೊಡೆಯುವ ಜಾಗ. ಕಮಾನು ಎಂದರೆ ಕಾಲು ಜಾರುವ ಜಾಗ.

ಈ ಉದ್ದಕ್ಕೂ ತಿರುವು ತಿರುವಿಗೆ ಕೆಂಪು ಬಾವುಟ ನೆಡುತ್ತಾರೆ. ಓಟದ ಮೇಲೆ ಅವು ಅಲ್ಲೇ ಬಿದ್ದಿದ್ದರೆ ಕುರಿಗಳು ತಿಂದು ಹೊಟ್ಟೆ ಕಟ್ಟಿಕೊಂಡು ಸಾಯುತ್ತವೆ ಎಂದು ಕುರಿಯವರು ಜಗಳಕ್ಕೆ ಬಂದಿದ್ದರು. ಆಗಿನಿಂದ ಎಲ್ಲರಿಗಿಂತ ಹಿಂದೆ ಓಡುವವರೊಬ್ಬರು ಬಾವುಟ ಕಿತ್ತು ಚೀಲಕ್ಕೆ ಹಾಕಿಕೊಂಡು ಬರುವ ಪದ್ಧತಿ. ಬಾವುಟ ಕಿತ್ತ ಮೇಲೆ ದಾರಿ ಇಲ್ಲ. ಆದ್ದರಿಂದ ಬಾಲದವರ ಹಿಂದೆ ಒಂದು ನರಪಿಳ್ಳೆಯೂ ಉಳಿಯಕೂಡದು. ಪ್ರತಿ ಪಾಳುಗೋಡೆಯ ಹತ್ತಿರ ನಿಂತು ಮೂರು ಸಲ ಸೀಟಿ ಊದಬೇಕು, ಗೋಡೆಯ ಹಿಂದೆ ಹೋಗಿ ಕಣ್ಣಾರೆ ನೋಡಬೇಕು, ಆಮೇಲೆ ಬಾವುಟಕ್ಕೆ ಕೈ ಹಾಕಬೇಕು. ಇದನ್ನು ಅವಳಷ್ಟು ಕಟ್ಟುನಿಟ್ಟಾಗಿ ಯಾರೂ ಮಾಡಿದ್ದಿಲ್ಲ. ಬಹಿರ್ದೆಸೆಗೆ ಕೂತವರನ್ನೂ ಬಿಡುತ್ತಿರಲಿಲ್ಲ ಎಂದು ಓಟಗಾರರು ನಗುತ್ತಿದ್ದರು.

ಓಟ ನಡೆಸುತ್ತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಪ್ರತಿ ವರ್ಷ ಹೊರಡುವ ಮುಂಚೆ ಅವರು ಕಲ್ಲಿನ ಮೇಲೆ ಹತ್ತಿ ನಿಂತು ಒಂದೇ ಮಾತು ಹೇಳುತ್ತಿದ್ದರು.

"ಬಿದ್ರೆ, ಕಾಲು ಉಳುಕಿದ್ರೆ, ಅಲ್ಲೇ ಕೂತ್ಕೊಳ್ಳಿ. ಮಂಜಿನಲ್ಲಿ ದಾರಿ ಹುಡುಕೋಕೆ ಹೋಗ್ಬೇಡಿ. ಬಾಲದಕ್ಕ ಬಂದೇ ಬರ್ತಾಳೆ. ಹೊರಗಿನವರ ಗಾಡಿ ಹತ್ತಿದ್ರೆ, ಹೊರಗಿನವರ ಕೈ ಹಿಡಿದ್ರೆ, ಅವರು ಓಟದಿಂದ ಹೊರಗೆ. ತಿಳೀತಾ?"

ಇಷ್ಟು ಅವಳ ವಿಷಯ. ಇನ್ನು ಅವಳ ತಮ್ಮನ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ತಮ್ಮ ಅವಳಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅವನಿಗೆ ನಾಲ್ಕು ತುಂಬುವ ಮೊದಲೇ ತಾಯಿ ಹೋದಳು. ತಲೆ ಬಾಚಿದ್ದು, ಮೂಗು ಒರೆಸಿದ್ದು, ಅಂಕಿ ಕಲಿಸಿದ್ದು ಎಲ್ಲ ಅಕ್ಕನೇ. ಹುಡುಗ ಮೃದು. ಯಾರಿಗೂ ಎದುರು ಮಾತಾಡಿದವನಲ್ಲ. ಆದರೆ ಹಿಡಿದದ್ದನ್ನು ಮುಗಿಸಿದ್ದೂ ಇಲ್ಲ. ಓದು ಕೊನೆಯ ವರ್ಷಕ್ಕೆ ಬಿಟ್ಟ. ಮುದ್ರಣಾಲಯದ ಕೆಲಸ ಎಂಟು ತಿಂಗಳಿಗೆ ಬಿಟ್ಟ. ಕ್ಷೌರದಂಗಡಿಯಲ್ಲಿ ಗಡ್ಡ ಕಲಿತು ತಲೆ ಕಲಿಯುವಷ್ಟರಲ್ಲಿ ಬಿಟ್ಟ. ಮದುವೆಯನ್ನು ಮಾತ್ರ ಅವನು ಬಿಡಲಿಲ್ಲ, ಹೆಂಡತಿಯೇ ಬಿಟ್ಟು ಹೋದಳು. ಮನೆಯವರು ಅವನಿಗೆ ಅರ್ಧ ಎಂದು ಹೆಸರಿಟ್ಟರು. ಇಟ್ಟವಳು ಅಕ್ಕನೇ ಎಂಬುದನ್ನೂ ಹೇಳಿಬಿಡಬೇಕು. ಒಂದು ಭಾನುವಾರ ಊಟದ ಹೊತ್ತಿನಲ್ಲಿ ತಮಾಷೆಗೆ ಅಂದದ್ದು, ಅಂಟಿಕೊಂಡಿತು. ಅವನೂ ಎಲ್ಲರ ಜೊತೆ ನಕ್ಕಿದ್ದ.

ಈ ಓಟದ ವರ್ಷ ಅವನಿಗೆ ಮೂವತ್ತಾರು. ಗಾಜಿನಂಗಡಿಯಲ್ಲಿ ಕಿಟಕಿ ಗಾಜು ಕತ್ತರಿಸುವ ಕೆಲಸ, ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಎರಡು ವರ್ಷ ಹಿಂದೆ ಓಟಕ್ಕೆ ಹೆಸರು ಕೊಟ್ಟು ಕೋಟೆ ಬಾಗಿಲಲ್ಲಿ ಕೂತುಬಿಟ್ಟ. ಅಲ್ಲಿಂದ ಊರಿಗೆ ನೇರ ಇಳಿಯುವ ಅಡ್ಡದಾರಿಯೊಂದಿದೆ, ಬಿಟ್ಟವರೆಲ್ಲ ಅದೇ ಹಿಡಿಯುವುದು. ಕಳೆದ ವರ್ಷವೂ ಅಲ್ಲೇ ಕೂತ. ಬಾವುಟ ಕೀಳುತ್ತ ಬಂದ ಅಕ್ಕ, "ಏಳೋ ಅರ್ಧ, ಮನೆಗೆ ಹೋಗಿ ಸ್ನಾನ ಮಾಡು" ಎಂದು ಬೆನ್ನು ತಟ್ಟಿ ಕಳಿಸಿದ್ದಳು.

ಈ ವರ್ಷ ಅವನು ಏಳು ತಿಂಗಳು ಮೊದಲೇ ಬೆಳಗ್ಗೆ ಎದ್ದು ಓಡತೊಡಗಿದ. ಅಕ್ಕ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಬೆವರಿಳಿಸಿಕೊಂಡು ಮೆಟ್ಟಿಲು ಬೀದಿ ಏರಿ ಬರುತ್ತಿದ್ದ.

"ಈ ಸಲ ಬಿಡಲ್ಲ ಅಕ್ಕ."

"ಸರಿ ಮಾರಾಯ. ಚೀಲದಲ್ಲಿ ನಿನಗೂ ಜಾಗ ಇಟ್ಟಿರ್ತೀನಿ, ಬಾವುಟದ ಜೊತೆ ಹಾಕ್ಕೊಂಡು ಬರ್ತೀನಿ."

ಅವನು ನಕ್ಕು ಹೋದ. ಅವಳೂ ಆ ಮಾತನ್ನು ಅಲ್ಲೇ ಮರೆತಳು. ಪ್ರೀತಿ ಇರಲಿಲ್ಲವೆಂದಲ್ಲ. ಅವನಿಗಾಗಿ ಜೀವ ಬೇಕಾದರೂ ಕೊಟ್ಟಾಳು, ನಂಬಿಕೆಯೊಂದನ್ನು ಕೊಡಲಿಲ್ಲ.

ಓಟದ ದಿನ ಬೆಳಗ್ಗೆ ತೊಂಬತ್ನಾಲ್ಕು ಜನ ಹೊರಟರು. ಅವನ ಎದೆಯ ಮೇಲೆ ಅರವತ್ತೊಂದು. ಕೋಟೆ ಬಾಗಿಲು ತಲುಪುವ ಮೊದಲೇ ಮೋಡ ಇಳಿದು ಬೆಟ್ಟದ ಬೆನ್ನು ಮುಚ್ಚಿಕೊಂಡಿತು. ಆಮೇಲೆ ಮಳೆ. ಜೋರಾದದ್ದಲ್ಲ, ಮೂಳೆಗೆ ಇಳಿಯುವ ಸಣ್ಣ ಮಳೆ. ಬಾಲದಕ್ಕನ ಮುಂದೆ ಆ ದಿನ ಕೊನೆಯಲ್ಲಿದ್ದವರು ಬ್ರೆಡ್ಡಿನಂಗಡಿಯ ದಢೂತಿ ಯಜಮಾನ ಮತ್ತು ಅವನ ಹೆಂಡತಿ. ಇಬ್ಬರೂ ಓಡುವುದಕ್ಕಿಂತ ಹೆಚ್ಚು ಜಗಳವಾಡುತ್ತಿದ್ದರು. ಕೋಟೆ ಬಾಗಿಲಲ್ಲಿ ಅವಳ ಕಣ್ಣು ತಾನಾಗಿಯೇ ತಮ್ಮ ಕೂರುವ ಕಲ್ಲಿನ ಕಡೆ ಹೋಯಿತು. ಕಲ್ಲು ಖಾಲಿ. ಮೂರು ಸಲ ಸೀಟಿ ಊದಿದಳು, ಗೋಡೆಯ ಹಿಂದೆ ನೋಡಿದಳು, ಬಾವುಟ ಕಿತ್ತಳು, ಮುಂದೆ ನಡೆದಳು.

ಕಾವಲು ಗೋಪುರದಲ್ಲಿ ಹೊತ್ತು ಬರೆದುಕೊಳ್ಳಲು ಕೂತಿದ್ದವನು ಊರಿನ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗಾಜು ಇಟ್ಟುಕೊಂಡು ಹೇನಿನಷ್ಟು ಸಣ್ಣ ತಿರುಪು ಹುಡುಕುವ ಮನುಷ್ಯ, ಮಳೆಗೆ ಹೆದರಿ ಗೋಪುರದ ಒಳಗೆ ಸೇರಿಕೊಂಡಿದ್ದ. ನಡುವೆ ಹತ್ತು ಹದಿನೈದು ಜನ ಒಟ್ಟಿಗೇ ನುಗ್ಗಿ ಹೋದರಂತೆ, ಬಾಗಿಲಿನಿಂದ ಇಣುಕಿ ಕಂಡಷ್ಟು ನಂಬರಿಗೆ ಗುರುತು ಹಾಕಿದನಂತೆ. ಅವಳು ಬಂದಾಗ ಪಟ್ಟಿ ಹಿಡಿದು ಹೊರಗೆ ಬಂದ.

"ಅಕ್ಕ, ಎಲ್ಲಾ ದಾಟಿದಾರೆ. ಅರವತ್ತೊಂದಕ್ಕೆ ಮಾತ್ರ ಗುರುತಿಲ್ಲ. ನಿಮ್ಮ ತಮ್ಮ ಅಲ್ವಾ?"

"ಅವನೇ."

"ಹಿಂದೆ ಎಲ್ಲೂ ಸಿಗಲಿಲ್ವಾ?"

"ಇಲ್ಲ."

"ಹಾಗಾದ್ರೆ ನಾನೇ ನೋಡ್ದೆ ಬಿಟ್ನೋ ಏನೋ. ಮಳೇಲಿ ಒಂದೇ ಸಲ ನುಗ್ಗಿದ್ರು ನೋಡಿ."

ಇಂಥ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ನಿಯಮ ಬರೆದವಳೇ ಅವಳು. ಗುರುತು ಬೀಳದ ನಂಬರು ಮುಂದೆ ಇದೆ ಎಂದೇ ಎಣಿಸಬೇಕು, ಕೊನೆಯ ಕಲ್ಲಿನವರೆಗೆ ಹುಡುಕುತ್ತಲೇ ಹೋಗಬೇಕು. ಬೇರೆ ಯಾರ ನಂಬರು ಆಗಿದ್ದರೂ, ಬ್ರೆಡ್ಡಿನಂಗಡಿಯವನ ಹೆಂಡತಿಯದೇ ಆಗಿದ್ದರೂ, ಅವಳು ಹಾಗೇ ಮಾಡುತ್ತಿದ್ದಳು. ಆದರೆ ಇದು ತಮ್ಮ. ತಮ್ಮನನ್ನು ತಾನು ಬಲ್ಲೆ ಎಂದು ಅವಳು ತಿಳಿದಿದ್ದಳು.

"ಬಿಟ್ಟಿರ್ತಾನೆ," ಎಂದಳು. "ಕೋಟೆ ಬಾಗಿಲಿಂದ ಅಡ್ಡದಾರಿ ಹಿಡಿದು ಮನೆಗೆ ಹೋಗಿ ಮಲಗಿರ್ತಾನೆ. ಈ ಸಲ ನನಗೆ ಮುಖ ತೋರ್ಸೋಕೆ ನಾಚ್ಕೆ ಆಗಿರ್ಬೇಕು, ಕಾಯ್ಲಿಲ್ಲ. ಅಡ್ಡಗೆರೆ ಹೊಡಿ."

"ಹೊಡೀಲಾ?"

"ಹೊಡಿ ಅಂದ್ನಲ್ಲ."

ಅವನು ಹೊಡೆದ. ಕುರ್ಚಿ ಮಡಚಿಕೊಂಡು ಗಾಡಿದಾರಿಯಲ್ಲಿ ಇಳಿದು ಹೋದ. ಗೋಪುರದಿಂದ ಕೆಳಗೆ ಬಾಲದಕ್ಕ ಸಿಟ್ಟಿನಲ್ಲೇ ಓಡಿದಳು. ಏಳು ತಿಂಗಳ ಬೆವರು ನೀರುಪಾಲಾಯಿತಲ್ಲ, ಸಂಜೆ ಹೋಗಿ ಚೆನ್ನಾಗಿ ಝಾಡಿಸಬೇಕು ಎಂದು ಮನಸ್ಸಿನಲ್ಲೇ ಬೈಗುಳ ಜೋಡಿಸುತ್ತಿದ್ದಳು. ಕಮಾನುಗಳ ಹತ್ತಿರ ಬಂದಾಗ ಮಂಜು ಎಷ್ಟು ದಟ್ಟವಿತ್ತೆಂದರೆ ಚಾಚಿದ ಕೈಯ ಬೆರಳು ಕಾಣುತ್ತಿರಲಿಲ್ಲ. ದಾರಿ ಅಲ್ಲಿ ಕಮಾನುಗಳ ನೆತ್ತಿಯ ಪಕ್ಕದಲ್ಲಿ ಹೋಗುತ್ತದೆ. ಓಟಗಾರರು ಮಳೆಗೆ ಕಮಾನುಗಳ ಅಡಿಯಲ್ಲಿ ನಿಲ್ಲುವುದುಂಟು, ಅದಕ್ಕೆಂದು ಅವಳು ಪ್ರತಿ ವರ್ಷ ಜಾರುವ ಕಲ್ಲು ಹಿಡಿದು ಕೆಳಗಿಳಿದು ಒಂದೊಂದು ಕಮಾನಿನ ಒಳಗೂ ಇಣುಕಿ ಬರುತ್ತಿದ್ದಳು. ಹದಿನೇಳು ಕಮಾನು. ಆ ದಿನ ಇಳಿಯಲಿಲ್ಲ. ಇಬ್ಬರು ಮುಂದೆಯೇ ಜಗಳವಾಡುತ್ತಿರುವುದು ಕೇಳಿಸುತ್ತಿದೆ, ಉಳಿದವರೆಲ್ಲ ಮುಂದೆ ಹೋದದ್ದಕ್ಕೆ ಪಟ್ಟಿಯಲ್ಲಿ ಗುರುತಿದೆ, ಒಬ್ಬ ಮನೆಯಲ್ಲಿ ಮಲಗಿದ್ದಾನೆ. ಇನ್ನು ಯಾರಿಗಾಗಿ ಇಳಿಯಬೇಕು? ಸೀಟಿಯನ್ನೂ ಊದಲಿಲ್ಲ. ಬಾವುಟಗಳನ್ನು ಮಾತ್ರ ಒಂದೂ ಬಿಡದೆ ಕಿತ್ತಳು.

ಹನ್ನೆರಡೂವರೆಗೆ ಸುಂಕದ ಮನೆ ತಲುಪಿದಳು. ಅವಳು ಬಂದು ಒಂದು ಮಾತು ಹೇಳುವ ತನಕ ಮೇಷ್ಟ್ರು ಓಟ ಮುಗಿಸುತ್ತಿರಲಿಲ್ಲ. ಅವಳು ಚೀಲ ಇಳಿಸಿ ಆ ಮಾತು ಹೇಳಿದಳು.

"ನನ್ನ ಹಿಂದೆ ಯಾರೂ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಗಂಟೆ ಬಾರಿಸಿದರು. ನಿಂತಿದ್ದ ಏಳೆಂಟು ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರು.

ಅವಳೂ ಮನೆಗೆ ಹೋಗಿ ಬಿಸಿನೀರು ಸುರಿದುಕೊಂಡು, ಉಂಡು, ಅರ್ಧ ಗಂಟೆ ಕಾಲು ಚಾಚಿದಳು. ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಅವಳ ಸಿಟ್ಟು ಯಾವಾಗಲೂ ಅಷ್ಟೇ. ಡಬ್ಬಿಯಲ್ಲಿ ಊಟ ಹಾಕಿಕೊಂಡು ಹಿಂದಿನ ಬೀದಿಗೆ ಹೋದಳು. ಕೋಣೆಗೆ ಬೀಗ. ತಟ್ಟಿದಳು, ಕಿಟಕಿಯಲ್ಲಿ ಇಣುಕಿದಳು. ಮಂಚದ ಮೇಲೆ ಒಗೆದ ಅಂಗಿ, ಪ್ಯಾಂಟು, ಟವೆಲು ನೀಟಾಗಿ ಮಡಚಿ ಜೋಡಿಸಿಟ್ಟಿತ್ತು. ಓಟದಿಂದ ಬಂದವನು ತೊಡಲೆಂದು ಇಟ್ಟದ್ದು. ತೊಟ್ಟಿರಲಿಲ್ಲ.

ಕೆಳಗಿನ ಮನೆಯ ಮುದುಕಿ ಬಾಗಿಲಿಗೆ ಬಂದಳು. "ಬೆಳಗ್ಗೆ ಹೋದವನು ಬಂದೇ ಇಲ್ವಲ್ಲಮ್ಮ. ಗೆದ್ನಾ?"

ಅವಳು ಡಬ್ಬಿಯನ್ನು ಮುದುಕಿಯ ಕೈಗೆ ತುರುಕಿ ಹೊರಟಳು. ಆದರೂ ಮನಸ್ಸು ಇನ್ನೂ ಸಮಾಧಾನ ಹುಡುಕುತ್ತಿತ್ತು. ಎಲ್ಲೋ ಕೂತು ಚಹಾ ಕುಡಿಯುತ್ತಿರಬಹುದು, ನಾಚಿಕೆಗೆ ಹೊಳೆ ದಂಡೆಯಲ್ಲಿ ಸುತ್ತುತ್ತಿರಬಹುದು. ಬೀದಿಯಲ್ಲಿ ಓಡುತ್ತಲೇ ಅವನ ಫೋನಿಗೆ ಕರೆ ಮಾಡಿದಳು. ಕರೆ ಹೋಗುತ್ತಿತ್ತು, ಎತ್ತುವವರಿಲ್ಲ. ಸುಂಕದ ಮನೆಯ ಹತ್ತಿರ ಬಂದು ಮತ್ತೆ ಮಾಡಿದಾಗ ಮುಚ್ಚಿದ ಬಾಗಿಲಿನ ಒಳಗಿಂದ ಅವನ ಫೋನು ಬಡಿದುಕೊಳ್ಳುವುದು ಕೇಳಿಸಿತು.

ಓಟಕ್ಕೆ ಹೊರಡುವವರು ಚೀಲಗಳನ್ನು ಅಲ್ಲಿ ಗೂಟಕ್ಕೆ ನೇತುಹಾಕಿ ಹೋಗುತ್ತಾರೆ. ಬಿಟ್ಟವರೂ ಮೊದಲು ಬಂದು ಚೀಲ ತೆಗೆದುಕೊಂಡೇ ಮನೆಗೆ ಹೋಗುವುದು, ಕೀಲಿ ಅದರಲ್ಲೇ ಇರುತ್ತದಲ್ಲ. ಅವಳ ಕರೆಗೆ ಮೇಷ್ಟ್ರು ಬಂದು ಬಾಗಿಲು ತೆಗೆದರು. ತೊಂಬತ್ನಾಲ್ಕು ಗೂಟಗಳಲ್ಲಿ ಒಂದರಲ್ಲಿ ಮಾತ್ರ ಚೀಲ ಇತ್ತು. ಅವಳೇ ಹೊಲಿದುಕೊಟ್ಟಿದ್ದ ನೀಲಿ ಚೀಲ.

ಮೇಷ್ಟ್ರು ಗಡಿಯಾರದವನನ್ನು ಕರೆಸಿದರು. ಅವನು ಪಟ್ಟಿ ಬಿಚ್ಚಿದ, ಅಡ್ಡಗೆರೆ ತೋರಿಸಿದ.

"ಅಕ್ಕನೇ ಹೊಡೀ ಅಂದ್ರು," ಎಂದ. ತಪ್ಪು ದಾಟಿಸಲು ಹೇಳಿದ್ದಲ್ಲ ಪಾಪ, ಇದ್ದದ್ದನ್ನು ಹೇಳಿದ.

ಮೇಷ್ಟ್ರು ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡರು. "ಕೋಟೆ ಬಾಗಿಲಿಂದ ಅಡ್ಡದಾರಿ ಪೂರ್ತಿ ಹುಡುಕೋಣ. ವ್ಯಾನು ತರ್ತೀನಿ. ನೀನು ಇಲ್ಲೇ ಕೂತಿರು, ಬೆಳಗ್ಗೆ ಪೂರ್ತಿ ಓಡಿದೀಯ."

"ಅಡ್ಡದಾರೀಲಿ ಇಲ್ಲ ಮೇಷ್ಟ್ರೇ."

"ಮತ್ತೆ ಎಲ್ಲಿ?"

ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ನಾಲ್ಕು ಕಿಲೋಮೀಟರಿನಲ್ಲಿ ತಾನು ನೋಡದೆ ಬಿಟ್ಟ ಜಾಗ ಒಂದೇ ಒಂದು. ಅದನ್ನು ಬಾಯಿಬಿಟ್ಟು ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದಳೋ ಏನೋ. ವ್ಯಾನಿಗೆ ಕಾಯದೆ, ಹೊಲಿಗೆಯಂಗಡಿಯ ಚಪ್ಪಲಿಯನ್ನು ಅಲ್ಲೇ ಕಳಚಿ, ತಮ್ಮನ ಚೀಲದಲ್ಲಿದ್ದ ಕ್ಯಾನ್ವಾಸ್ ಷೂ ಮೆಟ್ಟಿಕೊಂಡು ಗಿರಣಿಯ ಕಡೆ ಓಡಿದಳು. ದೊಡ್ಡ ಷೂ, ಹೆಜ್ಜೆಗೊಮ್ಮೆ ಹಿಮ್ಮಡಿ ಕಳಚುತ್ತಿತ್ತು.

ಬೆಳಗ್ಗೆ ಇಪ್ಪತ್ನಾಲ್ಕು ಕಿಲೋಮೀಟರು ಓಡಿದ ಕಾಲು. ಆದರೆ ಕಾಲು ಕೈಕೊಡಲಿಲ್ಲ, ದಾರಿ ಕೈಕೊಟ್ಟಿತು. ಹನ್ನೆರಡು ವರ್ಷ ಅವಳು ಆ ದಾರಿಯಲ್ಲಿ ಒಂದೇ ದಿಕ್ಕಿಗೆ ಬಂದವಳು. ಈಗ ತಲೆಕೆಳಗಾಗಿ ಹೋಗಬೇಕು. ಎಡವೆಲ್ಲ ಬಲ, ಇಳಿಜಾರೆಲ್ಲ ಏರು, ಬೆನ್ನಿಗೆ ಬರುತ್ತಿದ್ದ ಗೋಡೆಗಳು ಮುಖಕ್ಕೆ. ಗೂನು ಸೇತುವೆ ದಾಟಿದ ಮೇಲೆ ಮಂಜಿನಲ್ಲಿ ಮೂರು ಕಾಲುದಾರಿ ಎದುರಾದವು. ಮೂರೂ ಒಂದೇ ತರ. ಇಲ್ಲಿ ಎರಡು ಬಾವುಟ ಇದ್ದವು, ತಾನೇ ಕಿತ್ತದ್ದು. ಯಾವ ದಾರಿಯ ಬಾಯಲ್ಲಿ ಎಂದು ಎಷ್ಟು ತಲೆ ಚಚ್ಚಿಕೊಂಡರೂ ನೆನಪಾಗಲಿಲ್ಲ. ಒಂದನ್ನು ಹಿಡಿದು ಓಡಿದಳು. ಅದು ಕುರಿದೊಡ್ಡಿಯ ಮುಳ್ಳುಬೇಲಿಗೆ ಹೋಗಿ ನಿಂತಿತು. ವಾಪಸು ಬಂದಳು. ಇಪ್ಪತ್ತು ನಿಮಿಷ ದಂಡವಾಯಿತು. ನಡುದಾರಿಯಲ್ಲಿ ನಿಂತು ಅವಳು ಗಟ್ಟಿಯಾಗಿ ಅತ್ತಳು. ಅಳುತ್ತಲೇ ತನ್ನನ್ನು ತಾನು ಬೈದುಕೊಂಡಳು, ತಮ್ಮನಿಗೆಂದು ಬೆಳಗ್ಗೆ ಜೋಡಿಸಿಟ್ಟ ಬೈಗುಳಗಳನ್ನೇ.

ಎರಡನೆಯ ದಾರಿ ಸರಿಯಾಗಿತ್ತು.

ಕಮಾನುಗಳು ಮಂಜಿನಿಂದ ಒಂದೊಂದಾಗಿ ಎದ್ದು ಬಂದಾಗ ಅವಳು ಸೀಟಿ ಊದಿದಳು. ಮೂರು ಸಲ. ಉತ್ತರವಿಲ್ಲ. ಕಲ್ಲು ಹಿಡಿದು ಕೆಳಗಿಳಿದು ಮೊದಲನೆಯದರ ಒಳಗೆ ನೋಡಿದಳು. ಎರಡನೆಯದು. ಮೂರನೆಯದು. ಒಂದೊಂದರ ಮುಂದೆಯೂ ಅವನು ಇರಲಿ ಎಂದು ಬೇಡಿಕೊಳ್ಳುತ್ತಿದ್ದಳು, ಇಲ್ಲದಿದ್ದರೆ ಇಲ್ಲಿ ಬಿದ್ದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಹತ್ತನೆಯ ಕಮಾನಿನ ನೆತ್ತಿಯಲ್ಲಿ ಕಟ್ಟೆಯ ಕಲ್ಲೊಂದು ಹೊಸದಾಗಿ ಕಳಚಿತ್ತು. ಕೆಳಗೆ ಅವನು ಗೋಡೆಗೆ ಒರಗಿ ಕೂತಿದ್ದ. ಬಲಗಾಲು ತೊಡೆಯಲ್ಲಿ ಮುರಿದು ತಿರುಚಿಕೊಂಡಿತ್ತು. ಪ್ಯಾಂಟು ಆ ಕಡೆ ಬಿಗಿದು ಊದಿತ್ತು. ತುಟಿ ನೀಲಿ. ನಡುಕ ನಿಂತುಹೋಗಿತ್ತು. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ ಎಂದು ಹನ್ನೆರಡು ವರ್ಷ ಬೆಟ್ಟದಲ್ಲಿ ಓಡಿದವಳಿಗೆ ಗೊತ್ತಿತ್ತು.

ಗಂಟೆ ನಾಲ್ಕೂಕಾಲು. ಅವನು ಬಿದ್ದು ಆರು ಗಂಟೆ ಹತ್ತಿರವಾಗಿತ್ತು.

ಫೋನು ತೆಗೆದು ಮೇಷ್ಟ್ರಿಗೆ ಎರಡೇ ಮಾತು ಕೂಗಿದಳು. ಕಮಾನು, ಕೆಳಗಿನ ರಸ್ತೆ. ಆಮೇಲೆ ತನ್ನ ಮೇಲಂಗಿ ಬಿಚ್ಚಿ ಅವನಿಗೆ ಹೊದಿಸಿ, ಹಿಂದಿನಿಂದ ಅವನನ್ನು ಎದೆಗೆ ಅವಚಿಕೊಂಡು ಕೂತಳು. ಅವನ ಕತ್ತು ಹೊಳೆಯ ಕಲ್ಲಿನ ಹಾಗೆ ತಣ್ಣಗಿತ್ತು. ಅವಳ ಕೆನ್ನೆ ತಾಗಿದಾಗ ಕಣ್ಣು ತೆರೆದ.

"ಅಕ್ಕಾ. ಬಂದ್ಯಾ."

"ಬಂದೆ ಕಣೋ. ಬಂದೆ."

"ನಾನು ಎಲ್ಲಿಗೂ ಹೋಗ್ಲಿಲ್ಲ. ಇಲ್ಲೇ ಕೂತಿದೀನಿ. ಮೇಷ್ಟ್ರು ಹೇಳಿದ ಹಾಗೆ."

ಅಲ್ಲಿ ಕೆಳಗೆ ಮಂಜು ತೆಳುವಾಗಿತ್ತು, ಕಮಾನಿನ ಆಚೆ, ಕೂಗಳತೆಯಲ್ಲಿ, ರಸ್ತೆ ಕಾಣುತ್ತಿತ್ತು. ಅಷ್ಟರಲ್ಲೇ ಒಂದು ಟ್ರ್ಯಾಕ್ಟರು ಹಾದುಹೋಯಿತು.

"ಅಲ್ಲೇ ರಸ್ತೆ ಇದೆಯಲ್ಲೋ. ಒಂದು ಸಲ ಕೂಗಬಾರದಿತ್ತಾ?"

"ಹಾಲಿನ ವ್ಯಾನು ಹೋಯ್ತು. ಎರಡು ಸಲ." ಒಂದೊಂದು ಮಾತಿಗೂ ಅವನು ಉಸಿರು ಹುಡುಕಬೇಕಾಗಿತ್ತು. "ಅವರ ಗಾಡಿ ಹತ್ತಿದ್ರೆ ಓಟದಿಂದ ಹೊರಗೆ. ಮತ್ತೆ ಬಿಟ್ಟ ಅಂತೀರ. ನೀನು ಹೇಗೂ ಹಿಂದೆ ಬರ್ತಾ ಇರ್ತೀಯ. ನೀನು ಬಂದು ಹಿಡ್ಕೊಂಡ್ರೆ ಅದು ಹೊರಗಿನವರದಲ್ಲ. ಅದಕ್ಕೆ ಕಾದೆ."

ಹನ್ನೊಂದೂಕಾಲರ ಸುಮಾರಿಗೆ ಅವಳು ಅವನ ನೆತ್ತಿಯ ಮೇಲೇ ಹಾದುಹೋಗಿದ್ದಳು. ಮೇಲಿನ ಹೆಜ್ಜೆ, ಮಾತು ಕಮಾನಿನ ಅಡಿಗೆ ಕೇಳಿಸುವುದಿಲ್ಲ, ಸೀಟಿ ಊದಿದ್ದರೆ ಕೇಳಿ ಅವನು ಕೂಗುತ್ತಿದ್ದ. ಇವನು ಅವಳನ್ನು ನಂಬಿ ಆರು ಗಂಟೆ ಮಳೆಯಲ್ಲಿ ತುಟಿಪಿಟಿಕ್ಕೆನ್ನದೆ ಕೂತಿದ್ದ. ಅವಳು ಇವನನ್ನು ಅರ್ಧ ನಿಮಿಷವೂ ನಂಬಿರಲಿಲ್ಲ.

"ಅಕ್ಕ, ಯಾಕಿಷ್ಟು ತಡ? ನಿನ್ನ ಜೊತೆ ಅಷ್ಟೊಂದು ಜನ ನಿಧಾನದವರಿದ್ರಾ?"

ನಿಜ ಹೇಳಬೇಕೆಂದು ಅವಳು ಬಾಯಿ ತೆರೆದಳು. ನೀನು ಬಿಟ್ಟೆ ಅಂದುಕೊಂಡೆ, ನಾನೇ ಗೆರೆ ಹೊಡೆಸಿದೆ, ಮನೆಗೆ ಹೋಗಿ ಉಂಡು ಮಲಗಿದೆ.

"ಹೂಂ," ಎಂದಳು. "ತುಂಬಾ ಜನ."

ಅವನು ಕತ್ತು ಹೊರಳಿಸಿ ಅವಳನ್ನು ನೋಡಿದ. ಆಮೇಲೆ ಅವನ ಮುಖ ಅರಳಿತು. ಅಷ್ಟು ಸಂತೋಷವನ್ನು ಅವಳು ಆ ಮುಖದಲ್ಲಿ ಅವನ ಮದುವೆಯ ದಿನವೂ ನೋಡಿರಲಿಲ್ಲ.

"ಹಾಗಾದ್ರೆ ನಾನು ಕೊನೆಯವನಲ್ಲ."

"ಅಲ್ಲ ಕಣೋ. ಅಲ್ಲವೇ ಅಲ್ಲ."

"ಯಾರ್ಯಾರಿದಾರೆ?"

"ಬ್ರೆಡ್ಡಿನಂಗಡಿಯವನು ಮತ್ತೆ ಅವನ ಹೆಂಡ್ತಿ. ಇನ್ನೂ ಗೋಪುರದ ಹತ್ತಿರಾನೇ ಜಗಳ ಆಡ್ತಾ ಇದಾರೆ."

ಅವನು ನಗಲು ನೋಡಿದ. "ಇನ್ನೂ?"

"ಪೋಸ್ಟ್ ಆಫೀಸಿನ ಇಬ್ಬರು. ಔಷಧಿ ಅಂಗಡಿಯ ಮಾವ, ಮಂಡಿ ನೋವು ಅಂತ ಕುಂಟ್ತಾ ಇದಾನೆ. ಶಾಲೆಯ ಟೀಚರುಗಳು, ನಾಲ್ಕು ಜನ, ಕೈ ಕೈ ಹಿಡ್ಕೊಂಡು ಬರ್ತಿದಾರೆ."

"ಅವರೆಲ್ಲಾ ನನ್ನ ಹಿಂದೆ."

"ಎಲ್ಲಾ ನಿನ್ನ ಹಿಂದೆ."

ಅವನು ಕಣ್ಣು ಮುಚ್ಚಿದ. ಅವಳು ಹೇಳುತ್ತಲೇ ಹೋದಳು. ಕಮ್ಮಾರ, ಅವನ ಭಾವಮೈದ. ನಿನ್ನ ಗಾಜಿನಂಗಡಿಯ ಯಜಮಾನ, ಅವನ ಹೊಟ್ಟೆ ನೋಡಬೇಕಿತ್ತು ನೀನು. ಬಸ್ಸಿನ ಕಂಡಕ್ಟರು. ನಿನಗೆ ಕತ್ತರಿ ಹಿಡಿಯೋಕೆ ಬರಲ್ಲ ಅಂದ ಕ್ಷೌರಿಕ, ಅವನು ಇನ್ನೂ ಕೋಟೆ ಬಾಗಿಲಲ್ಲೇ ಕೂತಿದಾನೆ. ನೆನಪಿಗೆ ಬಂದವರನ್ನೆಲ್ಲ ಅವಳು ಬೆಟ್ಟಕ್ಕೆ ಹತ್ತಿಸಿ, ಬೆವರಿಳಿಸಿ, ತಮ್ಮನ ಹಿಂದೆ ಸಾಲಾಗಿ ನಿಲ್ಲಿಸಿದಳು. ಎದೆಗೆ ಒರಗಿದ್ದ ಅವನ ಬೆನ್ನು ಏರಿ ಇಳಿಯುವುದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲವೆಂದಲ್ಲ. ಆದರೂ ನಿಲ್ಲಿಸಲಿಲ್ಲ.

ಸ್ಟ್ರೆಚರಿನವರು ರಸ್ತೆಯಿಂದ ಹತ್ತಿ ಬಂದಾಗ ಐದು ಗಂಟೆ. ಮೇಷ್ಟ್ರು ಬಗ್ಗಿ ಅವನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನೋಡಿದರು, ಟೋಪಿ ತೆಗೆದರು.

"ಕೈ ಬಿಡಮ್ಮ," ಎಂದರು. "ಕರ್ಕೊಂಡು ಹೋಗೋಣ."

"ಸ್ವಲ್ಪ ತಡೀರಿ ಮೇಷ್ಟ್ರೇ," ಎಂದಳು ಅವಳು. "ಇನ್ನೂ ಬಹಳ ಜನ ಬರಬೇಕು."